ಹೊಲಕ್ಕೆ ಹೋಗುವ ದಾರಿ

(ನಮ್ಮ ಸಂಘದ ರಜತ ಮಹೋತ್ಸವ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ನಾವು ವೇದಿಕೆಯ ಮೇಲಿಂದ ಮಾತಾಡುತ್ತಿಲ್ಲ. ಕೆಳಗೆ, ನಿಮ್ಮ ಮೊದಲನೇ ಸಾಲಿನ ಹತ್ತಿರವೇ ಇದ್ದೇವೆ. ಇದಕ್ಕೆ ಯಾರೂ ಬೇಜಾರು ಮಾಡಿಕೊಳ್ಳಬೇಡಿ. ಮುಂಜಾನೆ ನಾಲ್ಕು ಮಂದಿ ಹುಡುಗರು ಬಂದು, 'ಅಣ್ಣೋರೆ, ಕುರ್ಚಿ ಸಮೇತ ಎತ್ತಿ ಮೇಲೆ ಕೂಡಿಸ್ತೀವಿ' ಅಂದ್ರು. ಪ್ರೀತಿಯಿಂದಲೇ ಅಂದ್ರು. ನಾವೇ ಬೇಡ ಅಂದೆವು. ಎತ್ತಿಸಿಕೊಂಡು ಹೋಗೋದಕ್ಕೂ ತಾವೇ ಹೋಗೋದಕ್ಕೂ ಬಹಳ ಫರಕು ಅದ. ಆ ಫರಕು ಏನು ಅನ್ನೋದೇ ಇವತ್ತು ನಾವು ಹೇಳಬೇಕಾದ ಮಾತು.

ಅಧ್ಯಕ್ಷರು ನಮಗೆ ಕೊಟ್ಟ ವಿಷಯ 'ಅಂಗವಿಕಲ ರೈತರ ಕಷ್ಟಗಳು' ಅಂತ. ಕಷ್ಟ ಹೇಳಿದರೆ ನೀವು ಕೇಳಿ 'ಪಾಪ' ಅಂತೀರಿ, ಊಟ ಮಾಡಿ ಮನೆಗೆ ಹೋಗ್ತೀರಿ. ಅದಕ್ಕೆ ಅಧ್ಯಕ್ಷರ ಕ್ಷಮೆ ಕೇಳಿ ವಿಷಯವನ್ನು ಸ್ವಲ್ಪ ತಿರುಗಿಸಿದ್ದೇವೆ. ಗಾಲಿಕುರ್ಚಿಯಲ್ಲಿ ಕುಳಿತು ಒಕ್ಕಲುತನ ಮಾಡುವುದರಲ್ಲಿ ಏನು ಸುಖ ಅದ ಅಂತ ಹೇಳುತ್ತೇವೆ. ಸುಖ ತಿಳಿದರೆ ಆ ಸುಖಕ್ಕೆ ಅಡ್ಡ ಬಂದಿರುವುದು ಏನು ಅಂತಾನೂ ತಾನಾಗಿಯೇ ತಿಳೀತದೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇವೆ. ನಾವು 'ನಾವು' ಅಂತಲೇ ಮಾತಾಡೋದು ಯಾಕಂದ್ರೆ, 'ನಾನು' ಅಂದ್ರೆ ಸುಳ್ಳಾಗ್ತದೆ. ನಮ್ಮ ಒಕ್ಕಲುತನದಾಗ ಆರು ಕೈ ಅವ. ಎರಡು ನಮ್ಮವು, ಎರಡು ನಮ್ಮ ಮನೆಯಾಕೆಯವು, ಎರಡು ನಮ್ಮ ತಮ್ಮನವು. ಕಾಲು ಮಾತ್ರ ನಾಲ್ಕೇ ನಡೀತಾವ.

ನಮ್ಮದು ಹುಟ್ಟಿನಿಂದ ಬಂದದ್ದಲ್ಲ. 14 ವರ್ಷದ ಹಿಂದೆ ಶಿವರಾತ್ರಿಯ ಎಡಬಲದಲ್ಲಿ ಹುಣಸಿಹಣ್ಣು ಬಡಿಯಲಿಕ್ಕೆ ಮರ ಹತ್ತಿದ್ದೆವು. ಟೊಂಗೆ ಮುರಿಯಿತು. ಬೆನ್ನಹುರಿಗೆ ಪೆಟ್ಟು ಬಿತ್ತು, ಸೊಂಟದ ಕೆಳಗೆ ಜೀವ ಹೋಯಿತು. ಆವಾಗ ಸುತ್ತಲಿದ್ದವರು ಗಾಬರಿಯಾಗಿ ಕೈಕಾಲು ಹಿಡಿದು ಎತ್ತಿ, ಒಂದು ಜೀಪಿನಲ್ಲಿ ಮಡಚಿ ಕೂಡಿಸಿ ಕರಕೊಂಡು ಹೋದರು. ಅವರು ನಮ್ಮ ಜೀವ ಉಳಿಸಲಿಕ್ಕೇ ಮಾಡಿದ್ದು, ಅವರ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ಇಲ್ಲಿ ಕುಳಿತ ಎಲ್ಲರೂ ಇದೊಂದು ನೆನಪಿಡಿ. ಮರದಿಂದ, ಬಾವಿಗೆ, ಮಾಳಿಗೆಯಿಂದ ಯಾರೇ ಬಿದ್ದರೂ ಮಡಚಿ ಎತ್ತಬಾರದು. ಕುತ್ತಿಗೆ, ಬೆನ್ನು ಅಲುಗದ ಹಾಗೆ ಅಲ್ಲೇ ಬಿಟ್ಟು ಮೊದಲು 108ಕ್ಕೆ ಫೋನು ಮಾಡಬೇಕು. ಆ ಗಾಡಿ ನಮ್ಮ ರಾಜ್ಯಕ್ಕೆ 2008ರಲ್ಲೇ ಬಂದದ. ಎತ್ತಲೇಬೇಕು ಅನ್ನೋ ಹಾಗಿದ್ದರೆ ಒಂದು ಹಲಿಗೆಯೋ ಬಾಗಿಲೋ ತಂದು, ನಾಲ್ಕಾರು ಮಂದಿ ಕೂಡಿ, ಮೈ ನೆಟ್ಟಗಿಟ್ಟು ಅದರ ಮೇಲೆ ಜಾರಿಸಬೇಕು. ಹುಣಸಿ ಬಡಿಯುವ ಕಾಲ ಪ್ರತಿ ವರ್ಷ ಬರ್ತದೆ.

ಮುಂದೆ ಹತ್ತಿರ ಹತ್ತಿರ ಎರಡು ವರ್ಷ ನಾವು ಹೊರಸಿನ ಮೇಲೆ. ಮೈ ತುಂಬಾ ಹುಣ್ಣು. ಆ ಕಾಲದ ಮಾತು ಹೆಚ್ಚು ಹೇಳೋದಿಲ್ಲ. ಒಂದು ದಿನದ ಮಾತು ಮಾತ್ರ ಹೇಳಬೇಕು. ಅದು ಎಳ್ಳ ಅಮಾಸಿ.

ನಮ್ಮ ಗುರುಮಠಕಲ್ ಸೀಮೆಯವರಿಗೆ ಎಳ್ಳ ಅಮಾಸಿ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ವರ್ಷಕ್ಕೊಮ್ಮೆ ಊರಿಗೆ ಊರೇ ಹೊಲಕ್ಕೆ ಹೋಗುವ ದಿನ. ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ, ಕಡಬು, ಶೇಂಗಾ ಹೋಳಿಗಿ ಬುಟ್ಟಿ ತುಂಬಿಕೊಂಡು, ಬಂಡಿ ಕಟ್ಟಿಕೊಂಡು, ಈಗ ಟ್ರ್ಯಾಕ್ಟರ್ ಹತ್ತಿಕೊಂಡು ಹೋಗಿ, ಭೂಮಿತಾಯಿಗೆ ಎಡೆ ಮಾಡಿ, ಚರಗ ಚೆಲ್ಲಿ, ಬನ್ನಿ ಗಿಡದ ನೆರಳಿಗೆ ಕುಳಿತು ಉಣ್ಣೋದು. ಹೊಲ ಇಲ್ಲದವರನ್ನೂ ಕರೆದು ಉಣಿಸೋದು. ನಾವು ಬಿದ್ದ ವರ್ಷ ಆ ದಿನ ಬಂತು. ಮನೆಯವರೆಲ್ಲ ಹೋಗಲೇಬೇಕು, ಎಡೆ ತಪ್ಪಿಸಬಾರದು. ನಮ್ಮ ತಲೆದಿಂಬಿನ ಹತ್ತಿರ ಒಂದು ತಂಬಿಗಿ ನೀರು, ತಾಟಿನಾಗ ಎರಡು ರೊಟ್ಟಿ ಇಟ್ಟು ಬಾಗಿಲು ಮುಂದೆ ಮಾಡಿಕೊಂಡು ಹೋದರು. ಆ ದಿನ ಊರೊಳಗೆ ಒಂದು ಸಪ್ಪಳ ಇರಲಿಲ್ಲ. ಎಳೆಗೂಸು ಇಲ್ಲ, ಮುದುಕರೂ ಇಲ್ಲ. ಊರಾಗ ಉಳಿದವರು ನಾವು ಮತ್ತು ಓಣಿಯ ನಾಯಿ. ಕಾಲು ಹೋದ ದಿನ ನಮಗೆ ಅಷ್ಟು ದುಃಖ ಆಗಿರಲಿಲ್ಲ. ಆ ದಿನ ಆಯಿತು.

ಮರುವರ್ಷ ಎಳ್ಳ ಅಮಾಸಿಯ ಮುಂಜಾನೆ ನಮ್ಮ ಓಣಿಯ ಕಾಕಾ ಒಬ್ಬರು ಬಾಗಿಲಿಗೆ ಬಂಡಿ ತಂದು ನಿಲ್ಲಿಸಿದರು. ಅವರು ಈಗಿಲ್ಲ. ಬಂಡಿಯಾಗ ಹೊರಸು ಹಾಕಿ, ಹುಲ್ಲು ಹಾಸಿ, ಮೇಲೆ ಕಂಬಳಿ ಹಾಸಿದ್ದರು. ನಾವು 'ಬ್ಯಾಡ ಕಾಕಾ, ಮಂದಿ ನೋಡ್ತಾರ' ಅಂದೆವು. ಅವರು, 'ಏ ತಮ್ಮಾ, ಭೂಮಿತಾಯಿ ನಿನ್ನ ಕಾಲು ನೋಡಿ ಕರೀತಾಳೇನು? ಏಳು' ಅಂದರು. ಬನ್ನಿ ಗಿಡದ ಕೆಳಗೆ ಹೊರಸು ಇಳಿಸಿದರು. ಬಿಳಿಜೋಳ ಹೊಡೆ ತೆಗೆದಿತ್ತು, ಕಡಲಿ ಕಾಯಿ ಕಟ್ಟಿತ್ತು. ಮಲಗಿದಲ್ಲೇ ಕೈ ಚಾಚಿ ಒಂದು ಹಿಡಿ ಮಣ್ಣು ಹಿಡಿದು ಮೂಸಿ ನೋಡಿದೆವು. ನಮ್ಮ ಒಕ್ಕಲುತನ ಎರಡನೇ ಸಲ ಶುರುವಾದದ್ದು ಆ ದಿನ.

ಆಮೇಲೆ ಗಾಲಿಕುರ್ಚಿ ಬಂತು. ಅದು ಆಸ್ಪತ್ರೆಯ ನುಣುಪು ನೆಲಕ್ಕೆ ಮಾಡಿದ ಕುರ್ಚಿ, ಹೊಲಕ್ಕೆ ಮಾಡಿದ್ದಲ್ಲ. ಬಂಡಿ ದಾರಿಯಲ್ಲಿ ಹತ್ತು ಮಾರು ಹೋಗೋದರೊಳಗ ಮುಂದಿನ ಸಣ್ಣ ಗಾಲಿ ಹುದುಲಿನಾಗ ಹೂತು ನಾವು ಮುಖ ಮುಂದಾಗಿ ಬಿದ್ದೆವು. ಜಾಲಿ ಮುಳ್ಳು ಚುಚ್ಚಿ ವಾರಕ್ಕೆ ಎರಡು ಸಲ ಟ್ಯೂಬು ಪಂಕ್ಚರ್. ಬಿದ್ದು ಬಿದ್ದೇ ಕಲಿತೆವು. ಕಲಿತದ್ದನ್ನು ನಾಲ್ಕು ಮಂದಿಗೆ ಉಪಯೋಗ ಆಗಲಿ ಅಂತ ಇಲ್ಲಿ ಹೇಳುತ್ತೇವೆ.

ಮೆತ್ತನ ಮಣ್ಣಿನಾಗ ಕುರ್ಚಿ ಮುಂದಕ್ಕೆ ನೂಕಬಾರದು. ತಿರುಗಿಸಿ, ದೊಡ್ಡ ಗಾಲಿ ಮುಂದಾಗುವ ಹಾಗೆ ಹಿಂದಕ್ಕೆ ಎಳೆದರೆ ಬರ್ತದೆ. ಗಾಳಿ ತುಂಬುವ ಟ್ಯೂಬಿನ ಬದಲು ಗಟ್ಟಿ ರಬ್ಬರಿನ ಟೈರು ಹಾಕಿಸಿದರೆ ಮುಳ್ಳಿನ ಕಾಟ ತಪ್ಪುತ್ತದೆ. ದೂರದ ದಾರಿಗೆ ಕೈಯಿಂದ ತಿರುವುವ ಮೂರು ಗಾಲಿ ಸೈಕಲ್ಲೇ ಲೇಸು, ಹೊಲದೊಳಗೆ ಕುರ್ಚಿ ಲೇಸು. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಕುರ್ಚಿಯ ಕಬ್ಬಿಣ ಕಾಯ್ದರೆ ನಮ್ಮಂಥವರ ಕಾಲಿಗೆ ಸುಟ್ಟದ್ದೂ ತಿಳಿಯೋದಿಲ್ಲ. ಅದಕ್ಕೆ ಕಾಲಿಗೆ ದಪ್ಪ ಬಟ್ಟೆ ಸುತ್ತಬೇಕು, ಸಂಜೆ ಮನೆಗೆ ಬಂದಮೇಲೆ ಕಾಲು, ಪಾದ ಕಣ್ಣಿಂದ ನೋಡಿಕೊಳ್ಳಬೇಕು. ಮುಳ್ಳು, ಗಾಯ, ಇರುವಿ ಕಡಿದದ್ದು ಏನಾದರೂ ಇದ್ದರೆ ಆವಾಗಲೇ ಕಾಣ್ತದೆ. ಎಲ್ಲಕ್ಕಿಂತ ದೊಡ್ಡದು, ಪ್ರತಿ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಎರಡೂ ಕೈಯೂರಿ ಮೈಯನ್ನು ಸ್ವಲ್ಪ ಹೊತ್ತು ಮೇಲೆತ್ತಬೇಕು. ಕೆಲಸದ ಗುಂಗಿನಲ್ಲಿ ಮರೆತರೆ ಹುಣ್ಣಾಗ್ತದೆ. ಒಂದು ಹುಣ್ಣು ಮಾಯಬೇಕಾದರೆ ಒಂದು ಹಂಗಾಮವೇ ಹೋಗ್ತದೆ. ನಾವು ಎರಡು ಹಂಗಾಮ ಹೀಗೇ ಕಳಕೊಂಡಿದ್ದೇವೆ.

ಭೂಮಿಯಲ್ಲೂ ಫರಕು ಅದ. ಎರೆ ಭೂಮಿ ಮಳೆಗಾಲದಾಗ ನಮ್ಮನ್ನು ಒಳಗೆ ಬಿಟ್ಟುಕೊಳ್ಳೋದಿಲ್ಲ. ಗಾಲಿಗೆ ಮಣ್ಣು ಮೆತ್ತಿ ಕುರ್ಚಿ ಅಲುಗೋದಿಲ್ಲ. ಕೆಂಪು ಮಸಾರಿ ಭೂಮಿ ದಯೆ ಉಳ್ಳದ್ದು. ಮಳೆ ನಿಂತು ಎರಡು ದಿನ ಬಿಸಿಲು ಬಿದ್ದರೆ 'ಬಾ' ಅಂತದೆ. ನಮ್ಮ ಪುಣ್ಯಕ್ಕೆ ನಮ್ಮದು ಅರ್ಧ ಮಸಾರಿ.

ಇನ್ನು ಕೆಲಸದ ಮಾತು. 'ಕುರ್ಚಿ ಮೇಲೆ ಕುಳಿತು ಏನು ಮಾಡ್ತೀರಿ' ಅಂತ ಕೇಳುವವರು ಬಹಳ ಮಂದಿ. ತೊಗರಿ ಬಿತ್ತಿ 45-50 ದಿನಕ್ಕೆ ಕುಡಿ ಚಿವುಟಬೇಕು ಅಂತ ಕೃಷಿ ಇಲಾಖೆಯವರು ಹೇಳ್ತಾರೆ. ಚಿವುಟಿದರೆ ಪಕ್ಕದ ಟೊಂಗೆ ಒಡೆದು ಹೂವು, ಕಾಯಿ ಹೆಚ್ಚಾಗ್ತಾವ. ಆ ಹೊತ್ತಿಗೆ ಗಿಡ ಎಷ್ಟೆತ್ತರ? ನಿಂತವರ ಮೊಣಕಾಲಿನಿಂದ ಸೊಂಟದವರೆಗೆ. ನಿಂತವರು ದಿನವೆಲ್ಲ ಬಗ್ಗಿ ಬೆನ್ನು ನೋಯಿಸಿಕೊಳ್ತಾರ. ನಮಗೆ ಅದು ಸರಿಯಾಗಿ ಕೈಗೆ ಬರೋ ಎತ್ತರ. ನಾವು ಬಗ್ಗೋದೇ ಬೇಡ. ಸಾಲಿನಿಂದ ಸಾಲಿಗೆ ನಾಲ್ಕು ಅಡಿ ಬಿಟ್ಟು ಬಿತ್ತಿದರೆ ಎರಡೂಕಾಲು ಅಡಿ ಅಗಲದ ಕುರ್ಚಿ ಸಲೀಸಾಗಿ ಹೋಗ್ತದೆ, ಎಡಕ್ಕೊಂದು ಬಲಕ್ಕೊಂದು ಎರಡು ಸಾಲು ಒಮ್ಮೆಗೇ ಮುಗೀತದೆ. ನೆಲ ಒಣಗಿರಬೇಕು, ಅಷ್ಟೇ.

ಮನೆ ಹಿತ್ತಿಲಲ್ಲಿ ಕಾಯಿಪಲ್ಯದ ಮಡಿ ಮಾಡಿದ್ದೇವೆ. ಕಲ್ಲು ಕಟ್ಟಿ ಎರಡು ಅಡಿ ಎತ್ತರ ಮಾಡಿ ಮಣ್ಣು, ಗೊಬ್ಬರ ತುಂಬಿದ ಮಡಿ. ಎರಡೂ ಕಡೆಯಿಂದ ಕೈ ಮುಟ್ಟುವ ಹಾಗಿದ್ದರೆ ನಾಲ್ಕು ಅಡಿ ಅಗಲ ಇಡಬಹುದು, ಒಂದೇ ಕಡೆಯಿಂದಾದರೆ ಎರಡು ಅಡಿ ಸಾಕು. ನಡುವೆ ಕುರ್ಚಿ ಓಡಾಡಲಿಕ್ಕೆ ನಾಲ್ಕು ಅಡಿ ದಾರಿ, ಅದಕ್ಕೆ ಮುರುಮು ಹಾಕಿ ಗಟ್ಟಿ ಮಾಡಿದ್ದು. ಖುರ್ಪಿಗೆ ಉದ್ದನ್ನ ಬಿದಿರಿನ ಹಿಡಿ. ಹನಿ ನೀರಾವರಿಯ ವಾಲ್ವು ನೆಲದಾಗ ಹೂಳದೆ ಕೈಯೆತ್ತರಕ್ಕೆ ತಂದಿದ್ದೇವೆ. ಮೆಣಸಿನಕಾಯಿ ಸಸಿ, ಬದನಿ ಸಸಿ ಟ್ರೇದಾಗ ಬೆಳೆಸೋದು ಪೂರಾ ನಮ್ಮ ಕೆಲಸ. ಕಣದಾಗ ರಾಶಿ ಆದಾಗ ತೂಕ, ಚೀಲದ ಲೆಕ್ಕ, ಹಮಾಲರ ಲೆಕ್ಕ ನಮ್ಮದು. ಚೀಲ ನಾವು ಎತ್ತೋದಿಲ್ಲ, ಅದು ನಮ್ಮ ತಮ್ಮನ ಪಾಲು. ಕೆಲಸ ಹಂಚಿಕೊಂಡಿದ್ದೇವೆ, ಭಿಕ್ಷೆ ಹಂಚಿಕೊಂಡಿಲ್ಲ.

ಆದರೆ ಬಂಧುಗಳೆ, ಬರೀ ದುಡಿಮೆಗಾಗಿಯೇ ಹೊಲಕ್ಕೆ ಹೋಗ್ತೀವಿ ಅಂದ್ರೆ ಅದು ಅರ್ಧ ಮಾತು. ದುಡಿಮೆ ಇಲ್ಲದ ದಿನವೂ ನಾವು ಹೋಗ್ತೀವಿ. ಜೋಳದ ಹೊಲದಾಗ ಹಕ್ಕಿ ಕಾಯೋದು ಚಿಕ್ಕಂದಿನಾಗ ನಮಗೆ ಬೇಜಾರಿನ ಕೆಲಸ ಆಗಿತ್ತು. ಈಗ ಅದೇ ಇಷ್ಟದ ಕೆಲಸ. ಕವಣಿ ಬೀಸಲಿಕ್ಕೆ ತೋಳು ಸಾಕು, ಕಾಲು ಬೇಕಾಗಿಲ್ಲ. ಒಮ್ಮೊಮ್ಮೆ ಕವಣಿ ತೊಡೆಯ ಮೇಲೆ ಇಟ್ಟು ಹಕ್ಕಿಗಳನ್ನೇ ನೋಡುತ್ತ ಕುಳಿತದ್ದೂ ಅದ. ನಮ್ಮ ಮನೆಯಾಕೆಗೆ ಇದು ಹೇಳಬೇಡಿ. ಸೀತನಿ ಸುಡುವ ಕಾಲದಾಗ ಬೆಂಕಿಯ ಸುತ್ತ ಕುಳಿತವರಲ್ಲಿ ಎಲ್ಲರೂ ಕುಳಿತವರೇ. ಅಲ್ಲಿ ಕುರ್ಚಿಯವರು ಯಾರು, ಕಾಲಿದ್ದವರು ಯಾರು ಅಂತ ತಿಳಿಯೋದಿಲ್ಲ. ಕೆರೆಗೆ ನೀರು ಬಂದಾಗ ಏರಿಯ ಮೇಲೆ ಕುಳಿತು ಗಾಳ ಹಾಕೋದು ಕೂಡ ಕುಳಿತು ಮಾಡುವ ಆಟವೇ.

ಒಂದು ವರ್ಷ ಚಳಿಗಾಲದಾಗ ಹುಡುಗರು ನಮ್ಮನ್ನು ಸುರಪುರ ತಾಲೂಕಿನ ಬೋನಾಳ ಪಕ್ಷಿಧಾಮಕ್ಕೆ ಕರಕೊಂಡು ಹೋಗಿದ್ದರು. ಸುರಪುರದ ಅರಸರ ಕಾಲದ ಕೆರೆ ಅದು. ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಬಾತುಗಳು ಅಲ್ಲಿಗೆ ಬರ್ತಾವ ಅಂತ ಹೇಳ್ತಾರೆ. ಅಷ್ಟು ದೂರದಿಂದ ಹಕ್ಕಿ ನಮ್ಮ ಜಿಲ್ಲೆಗೆ ಬರ್ತದೆ, ನಾವು ಅದೇ ಜಿಲ್ಲೆಯವರು ನೋಡಲಿಕ್ಕೆ ಹೋಗಿರಲಿಲ್ಲ. ನಮ್ಮ ಪಕ್ಕದ ನಜರಾಪುರದ ದಬದಬಿಗೂ ಮಳೆಗಾಲದಾಗ ಹೋದೆವು. ಅಲ್ಲಿ ಕಲ್ಲಿನ ದಾರಿ, ಕುರ್ಚಿ ಕೊನೆತನಕ ಹೋಗೋದಿಲ್ಲ. ಹುಡುಗರು 'ಹೊತ್ತುಕೊಂಡು ಹೋಗ್ತೀವಿ' ಅಂದ್ರು. ನಾವು ದಾರಿ ಮುಗಿದಲ್ಲೇ ಕುಳಿತು ಹಸಿರು ಗುಡ್ಡ ನೋಡಿದೆವು. ಎಲ್ಲಾ ಕಡೆ ಹೋಗಲಿಕ್ಕಾಗೋದಿಲ್ಲ ಅನ್ನೋದು ನಮಗೂ ಗೊತ್ತು. ಗುಡ್ಡಕ್ಕೆ ದಾರಿ ಮಾಡಿಕೊಡಿ ಅಂತ ನಾವು ಯಾರಿಗೂ ಕೇಳಿಲ್ಲ. ಗುಡ್ಡ ದೇವರು ಮಾಡಿದ್ದು. ಮೆಟ್ಟಿಲು ನಾವು ನೀವು ಮಾಡಿದ್ದು.

ಇದು ನಮ್ಮೊಬ್ಬರ ಹಟ ಅಂತ ತಿಳಿಯಬೇಡಿ. ನಮಗಿಂತ ಬಹಳ ಮುಂಚೆ ಈ ದಾರಿ ತುಳಿದವರು ಇದ್ದಾರೆ. ಪೋಲಿಯೋ ಬಂದು ಗಾಲಿಕುರ್ಚಿ ಹಿಡಿದ ಎನ್. ಎಸ್. ಹೇಮಾ ಅವರು 1959ರಲ್ಲಿ ಬೆಂಗಳೂರಿನಲ್ಲಿ ಗೆಳೆಯರನ್ನು ಕೂಡಿಸಿಕೊಂಡು ಅಂಗವಿಕಲರ ಸಂಸ್ಥೆ ಕಟ್ಟಿದರು. ಎ.ಪಿ.ಡಿ. ಅಂತ ಅದಕ್ಕೆ ಹೆಸರು. ಅಲ್ಲಿ ಬೇರೆ ಕಸುಬುಗಳ ಸಂಗಡ ತೋಟಗಾರಿಕೆಯನ್ನೂ ಕಲಿಸ್ತಾರೆ. ಸಸಿ ಮಾಡೋದು, ಕಸಿ ಕಟ್ಟೋದು, ಕುಂಡದಾಗ ಗಿಡ ಬೆಳೆಸೋದು. ಕುಳಿತವರ ಕೈಗೂ ಮಣ್ಣು ಒಲಿಯುತ್ತದೆ ಅನ್ನೋದು ಅಲ್ಲಿ ಸಾಬೀತಾಗಿದೆ.

ಕರಾವಳಿಯ ಕೋಟದಲ್ಲಿ 1958ರಲ್ಲಿ ಹುಟ್ಟಿದ ಮಾಲತಿ ಹೊಳ್ಳ ಅವರಿಗೆ ಎಳೆತನದಲ್ಲೇ ಪೋಲಿಯೋ ಬಂತು. ಅವರು ಗಾಲಿಕುರ್ಚಿಯಲ್ಲಿ ಕುಳಿತೇ ಗುಂಡು, ತಟ್ಟೆ, ಭರ್ಚಿ ಎಸೆದು ದೇಶ ವಿದೇಶದಲ್ಲಿ ಪದಕ ಗೆದ್ದರು. 1995ರಲ್ಲಿ ಅರ್ಜುನ ಪ್ರಶಸ್ತಿ, 2001ರಲ್ಲಿ ಪದ್ಮಶ್ರೀ ಬಂತು. ಆಮೇಲೆ ಅಂಗವಿಕಲ ಮಕ್ಕಳನ್ನು ಸಾಕಲಿಕ್ಕೆ ಮಾತೃ ಫೌಂಡೇಶನ್ ಕಟ್ಟಿದರು. ಇಂಗ್ಲೆಂಡಿನಲ್ಲಿ 1948ರಲ್ಲಿ ಲುಡ್ವಿಗ್ ಗುಟ್ಮನ್ ಅನ್ನೋ ಡಾಕ್ಟರು ಯುದ್ಧದಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದವರನ್ನು ಆಸ್ಪತ್ರೆಯ ಹೊರಗೆ ಬಯಲಿಗೆ ತಂದು ಬಿಲ್ಲು ಬಾಣದ ಪಂದ್ಯ ಆಡಿಸಿದರು. ಅದಕ್ಕೂ ಮೊದಲು ಇಂಥ ರೋಗಿಗಳು ಹಾಸಿಗೆಯಲ್ಲೇ ಸಾಯುವವರು ಅಂತ ಎಲ್ಲರೂ ಕೈಬಿಟ್ಟಿದ್ದರು. ಆ ಆಟವೇ ಬೆಳೆದು 1960ರಲ್ಲಿ ರೋಮ್ ನಗರದಲ್ಲಿ ನಡೆದ ಪಂದ್ಯ ಮೊದಲನೇ ಪ್ಯಾರಾಲಿಂಪಿಕ್ಸ್ ಆಯಿತು. ಆ ಡಾಕ್ಟರು ಕೊಟ್ಟದ್ದು ಬರೀ ಔಷಧವಲ್ಲ, ಬಯಲು. ನಮ್ಮ ಕಾಕಾ ಯಾವ ಪುಸ್ತಕ ಓದದೆ ನಮಗೆ ಕೊಟ್ಟದ್ದೂ ಅದನ್ನೇ.

ಅಮೆರಿಕದಲ್ಲಿ 1990ರ ಕೃಷಿ ಕಾಯಿದೆಯಲ್ಲೇ ಅಂಗವಿಕಲ ರೈತರಿಗೆ ಅಂತ ಒಂದು ಯೋಜನೆ ಬರೆದರು. ಅಗ್ರಾಬಿಲಿಟಿ ಅಂತ ಅದರ ಹೆಸರು. ಕೃಷಿ ವಿಶ್ವವಿದ್ಯಾಲಯದವರು ರೈತನ ಹೊಲಕ್ಕೇ ಬಂದು, ಟ್ರ್ಯಾಕ್ಟರ್ ಹತ್ತಲಿಕ್ಕೆ ಏನು ಮಾಡಬೇಕು, ದನದ ಕೊಟ್ಟಿಗೆ ಬಾಗಿಲು ಹೇಗಿರಬೇಕು ಅಂತ ಹೇಳಿಕೊಡ್ತಾರೆ. ಅವರ ಮಾತಿನ ಸಾರ ಒಂದೇ. ರೈತ ಕುರ್ಚಿ ಹಿಡಿದ ಅಂತ ಒಕ್ಕಲುತನ ಬಿಡಬೇಕಾಗಿಲ್ಲ, ಒಕ್ಕಲುತನದ ಸಾಮಾನು ಬದಲಾಗಬೇಕು.

ನಮ್ಮ ದೇಶದಲ್ಲಿ ಏನೂ ಇಲ್ಲವೇ? ಅದ. 2011ರ ಜನಗಣತಿ ಪ್ರಕಾರ ದೇಶದಲ್ಲಿ ಅಂಗವಿಕಲರು 2.68 ಕೋಟಿ. ಅವರಲ್ಲಿ ನೂರಕ್ಕೆ 69 ಮಂದಿ ಹಳ್ಳಿಯವರು. ನಮ್ಮ ರಾಜ್ಯದಲ್ಲಿ 13 ಲಕ್ಷಕ್ಕೂ ಹೆಚ್ಚು. 1995ರಲ್ಲಿ ಒಂದು ಕಾಯಿದೆ ಬಂದಿತ್ತು, ಅದನ್ನು ತೆಗೆದು 2016ರಲ್ಲಿ ಹೊಸ ಕಾಯಿದೆ ಮಾಡಿದರು, 2017ರ ಏಪ್ರಿಲ್‌ನಿಂದ ಜಾರಿಗೆ ಬಂತು. ಬಡತನ ನಿವಾರಣೆಯ ಯೋಜನೆಗಳಲ್ಲಿ, ಸರಕಾರ ಕೊಡುವ ಕೃಷಿ ಭೂಮಿ ಮತ್ತು ಮನೆಗಳಲ್ಲಿ ನೂರಕ್ಕೆ 5 ಪಾಲು ಅಂಗವಿಕಲರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ ಮೊದಲು ಅಂತ ಆ ಕಾಯಿದೆಯಲ್ಲಿ ಬರೆದದ. ಮಂದಿ ಬಂದು ಹೋಗುವ ಕಟ್ಟಡ ಸರಕಾರದ್ದಿರಲಿ ಖಾಸಗಿಯದ್ದಿರಲಿ, ಗಾಲಿಕುರ್ಚಿ ಒಳಗೆ ಹೋಗುವ ಹಾಗೆ ಇಲ್ಲದಿದ್ದರೆ ಹೊಸ ಕಟ್ಟಡದ ನಕ್ಷೆಗೆ ಒಪ್ಪಿಗೆ ಕೊಡಬಾರದು ಅಂತಾನೂ ಬರೆದದ. ನಮ್ಮ ರಾಜ್ಯದಲ್ಲಿ ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ಯಾವ ಅರ್ಜಿ ಎಲ್ಲಿ ಕೊಡಬೇಕು ಅನ್ನೋದು ಅವರಿಗೆ ಗೊತ್ತಿರ್ತದೆ, ಕೇಳಬೇಕು.

ನಮ್ಮ ಹೆಸರೂ ಬದಲಾಗುತ್ತ ಬಂತು. ಮೊದಲು ಕುಂಟ ಅಂದರು, ಆಮೇಲೆ ಅಂಗವಿಕಲ ಅಂದರು, ಆಮೇಲೆ ವಿಕಲಚೇತನ, ಈಗ ದಿವ್ಯಾಂಗ ಅಂತಾರ. ಹೆಸರು ಮೂರು ಸಲ ಬದಲಾದವು. ಹೊಸ್ತಿಲು ಮಾತ್ರ ಅಷ್ಟೇ ಎತ್ತರ ಉಳಿಯಿತು.

ಈಗ ನಮ್ಮ ಸಂಘದ ಮಾತಿಗೆ ಬರುತ್ತೇವೆ. ಹಬ್ಬದ ದಿನ ತಕರಾರು ತೆಗೆದರು ಅನ್ನಬೇಡಿ. ಈ ಸಂಘ 25 ವರ್ಷದಲ್ಲಿ ನಮಗೆ ಮಾಡಿದ ಉಪಕಾರ ನಾವು ಮರೆತಿಲ್ಲ. ನಾವು ಹೊರಸು ಹಿಡಿದಾಗ ಸಾಲದ ಗಡುವು ಮುಂದೂಡಿದವರು ನೀವು. ನಮ್ಮನ್ನು ನಿರ್ದೇಶಕರನ್ನಾಗಿ ಆರಿಸಿದವರು ನೀವು, ಅದೂ ಪಾಪ ಅಂತ ಅಲ್ಲ, ಲೆಕ್ಕ ಬರ್ತದೆ ಅಂತ. ಆದರೆ ನಮ್ಮ ಸಂಘದ ಕಚೇರಿಗೆ ಮೂರು ಮೆಟ್ಟಿಲು ಅವ. ಆಡಳಿತ ಮಂಡಳಿಯ ಸಭೆ ಒಳಗೆ ನಡೆದರೆ ನಮ್ಮನ್ನು ಎತ್ತಬೇಕು. ಅದಕ್ಕೆ ಅಧ್ಯಕ್ಷರು ದೊಡ್ಡ ಮನಸ್ಸು ಮಾಡಿ ಸಭೆಯನ್ನೇ ಹೊರಗೆ ಬೇವಿನ ಗಿಡದ ಕೆಳಗೆ ತಂದರು. ಬಹಳ ಸಂತೋಷ ಆಯಿತು. ಹೋದ ಮಳೆಗಾಲದಾಗ ಒಂದು ದಿನ ಸಭೆ ನಡೆದಾಗಲೇ ಮಳೆ ದಬದಬ ಹೊಡೆಯಿತು. ಎಲ್ಲರೂ ಠರಾವು ಪುಸ್ತಕ ಎತ್ತಿಕೊಂಡು ಒಳಗೆ ಓಡಿದರು. ನಾವು ಬೇವಿನ ಗಿಡದ ಕೆಳಗೆ ಉಳಿದೆವು. ಯಾರೂ ಬೇಕಂತ ಮಾಡಿದ್ದಲ್ಲ. ಆಮೇಲೆ ನೆನಪಾಗಿ ಛತ್ರಿ ಹಿಡಕೊಂಡು ಬಂದ್ರು. ಎಲ್ಲರೂ ನಕ್ಕೆವು, ನಾವೂ ನಕ್ಕೆವು. ಆದರೆ ಆ ರಾತ್ರಿ ನಮಗೆ ಮೊದಲನೇ ಎಳ್ಳ ಅಮಾಸಿಯೇ ನೆನಪಾಯಿತು.

ಸಂಘದಲ್ಲಿ ಇದು ನಮ್ಮೊಬ್ಬರ ಕಥೆ ಆಗಿದ್ದರೆ ಇಷ್ಟು ಹೊತ್ತು ನಿಮ್ಮ ಸಮಯ ತೆಗೆದುಕೊಳ್ಳುತ್ತಿರಲಿಲ್ಲ. ನಮ್ಮೂರಲ್ಲಿ ಒಬ್ಬ ತಂಗಿ ಇದ್ದಾಳೆ. ಚಿಕ್ಕಂದಿನಾಗ ಪೋಲಿಯೋ ಆದವಳು. 2014ರಲ್ಲಿ ನಮ್ಮ ದೇಶ ಪೋಲಿಯೋ ಮುಕ್ತ ಅಂತ ಘೋಷಣೆ ಆಯಿತು, ಇನ್ನು ಮುಂದಿನ ಮಕ್ಕಳಿಗೆ ಅದರ ಕಾಟ ಬೇಡ. ಆದರೆ ಅದಕ್ಕೂ ಮೊದಲಿನವರು ಇನ್ನೂ ನಮ್ಮ ನಡುವೆ ಬದುಕಿದ್ದಾರಲ್ಲ. ಆ ತಂಗಿ ಹತ್ತು ಆಡು ಸಾಕಿದ್ದಾಳೆ. ಮನೆ ಮುಂದೆ ಕುಳಿತೇ ಮೇವು ಕತ್ತರಿಸ್ತಾಳೆ, ಮರಿಗಳಿಗೆ ಬಾಟಲಿ ಹಾಲು ಕುಡಿಸ್ತಾಳೆ, ಸಂತೆಯ ಧಾರಣೆ ನಮಗಿಂತ ಚೆನ್ನಾಗಿ ಬಲ್ಲಳು. ಸಂಘದಾಗ ಶೇರು ಮಾತ್ರ ಅವಳ ಅಪ್ಪನ ಹೆಸರಿಗೆ. ಸಾಲವೂ ಅಪ್ಪನ ಹೆಸರಿಗೆ. 'ಯಾಕವ್ವಾ, ನೀನೇ ಮೆಂಬರ್ ಆಗಲಿಲ್ಲ' ಅಂತ ಕೇಳಿದರೆ, 'ಅಣ್ಣಾ, ಮೆಟ್ಟಿಲು ಹತ್ತಿ ಹೆಬ್ಬಟ್ಟು ಒತ್ತಲಿಕ್ಕೆ ಯಾರು ಕರಕೊಂಡು ಹೋಗ್ತಾರ' ಅಂದಳು. ಬಂಧುಗಳೆ, ಮೂರು ಮೆಟ್ಟಿಲು ಬರೀ ಕಾಲಿಗೆ ಅಡ್ಡ ಅಲ್ಲ. ಹೆಸರಿಗೂ ಅಡ್ಡ, ಶೇರಿಗೂ ಅಡ್ಡ, ಸಾಲಕ್ಕೂ ಅಡ್ಡ.

ಅದಕ್ಕೆ ಈ ರಜತ ಮಹೋತ್ಸವದ ದಿನ ನಮ್ಮದು ನಾಲ್ಕು ಬೇಡಿಕೆ.

ಒಂದನೇದು, ಕಚೇರಿಗೆ ಮತ್ತು ಗೊಬ್ಬರದ ಗೋದಾಮಿಗೆ ಇಳಿಜಾರು ದಾರಿ. ಇದರಲ್ಲಿ ಒಂದು ಎಚ್ಚರಿಕೆ. ಸುತ್ತಮುತ್ತ ಕೆಲವು ಕಡೆ ನೋಡಿದ್ದೇವೆ, ನಾಲ್ಕು ಅಡಿ ಉದ್ದದಾಗ ಸಿಮೆಂಟ್ ಜಾರಿಸಿ ಬಿಟ್ಟಿರ್ತಾರ. ಅದು ಚೀಲ ಜಾರಿಸಲಿಕ್ಕೆ ಸರಿ, ಮನುಷ್ಯ ಹತ್ತಲಿಕ್ಕಲ್ಲ. ಹತ್ತಲಿಕ್ಕೆ ಹೋದರೆ ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಲೆಕ್ಕ ಸರಳ ಅದ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ. ನಮ್ಮ ಕಚೇರಿಯ ಮೆಟ್ಟಿಲು ಆರಾರು ಇಂಚಿನವು ಮೂರು, ಒಟ್ಟು ಒಂದೂವರೆ ಅಡಿ. ಅಂದರೆ 18 ಅಡಿ ಉದ್ದ ಬೇಕು. ನಾಲ್ಕು ಅಡಿ ಅಗಲ, ಬದಿಗೆ ಹಿಡಿಕೆ, ಮೇಲೆ ಕುರ್ಚಿ ತಿರುಗಲಿಕ್ಕೆ ಐದು ಅಡಿಯ ಕಟ್ಟೆ, ಮೂರು ಅಡಿ ಅಗಲದ ಬಾಗಿಲು. ಜಾಗ ನಾವೇ ಅಳೆದಿದ್ದೇವೆ, ಬೇವಿನ ಗಿಡದ ಕಡೆ ಸಾಕಷ್ಟು ಅದ. ಗಿಡ ಕಡಿಯಬೇಕಾಗಿಲ್ಲ. ಇಳಿಜಾರು ಆದರೆ ಹಮಾಲರ ಕೈಗಾಡಿಯೂ ಅದರ ಮೇಲೇ ಹೋಗ್ತದೆ, ಮುದುಕರೂ ಹತ್ತುತ್ತಾರೆ, ಬಸುರಿ ಹೆಣ್ಣುಮಕ್ಕಳೂ ಹತ್ತುತ್ತಾರೆ. 45 ಕಿಲೋ ಯೂರಿಯಾ ಚೀಲ ಹೊತ್ತವನಿಗೆ ಮೆಟ್ಟಿಲು ಲೇಸೋ ಇಳಿಜಾರು ಲೇಸೋ ಅಂತ ನೀವೇ ಕೇಳಿ ನೋಡಿ.

ಎರಡನೇದು, ಸಂಘದಿಂದ ಹೊಲಕ್ಕೆ ಹೋಗುವ ಬಂಡಿ ದಾರಿಯ ತಗ್ಗು ದಿನ್ನೆಗೆ ಮುರುಮು ಹಾಕಿಸಬೇಕು. ಪಂಚಾಯಿತಿಯವರು ತಮ್ಮ ಹಣದಾಗ ನೂರಕ್ಕೆ 5ನ್ನು ಅಂಗವಿಕಲರಿಗಾಗಿ ಖರ್ಚು ಮಾಡಬೇಕು ಅಂತ ನಿಯಮ ಅದ. ಸಂಘದಿಂದ ಠರಾವು ಮಾಡಿ ಪಂಚಾಯಿತಿಗೆ ಕಳಿಸಿದರೆ ಒಬ್ಬರ ಅರ್ಜಿಗಿಂತ ಅದರ ತೂಕ ಹೆಚ್ಚು.

ಮೂರನೇದು, ಸಂಘ ಬಾಡಿಗೆಗೆ ಕೊಡುವ ಒಕ್ಕಲುತನದ ಸಾಮಾನಿನಾಗ ಕುಳಿತು ಮಾಡುವವರಿಗೆ ಬೇಕಾದವೂ ನಾಲ್ಕು ಇರಲಿ. ಉದ್ದ ಹಿಡಿಯ ಖುರ್ಪಿ, ಬ್ಯಾಟರಿಯ ತೊಗರಿ ಕುಡಿ ಚಿವುಟುವ ಯಂತ್ರ, ಸಸಿ ಟ್ರೇ ಇಂಥವು. ಬಹಳ ರೊಕ್ಕದ ಮಾತಲ್ಲ.

ನಾಲ್ಕನೇದು, ನಮ್ಮ ಊರು ಮತ್ತು ಸುತ್ತಲ ಹಳ್ಳಿಗಳ ಅಂಗವಿಕಲ ಗಂಡಸರು ಹೆಂಗಸರು ತಮ್ಮ ತಮ್ಮ ಹೆಸರಿನಲ್ಲೇ ಶೇರುದಾರರಾಗಲಿ. ಕಾರ್ಯದರ್ಶಿಗಳು ಒಂದು ದಿನ ಫಾರಂ ಹಿಡಕೊಂಡು ಅವರ ಮನೆ ಬಾಗಿಲಿಗೆ ಹೋಗಲಿ. ನಾವೂ ಸಂಗಡ ಬರ್ತೀವಿ. ಮೊದಲು ಆ ತಂಗಿಯ ಮನೆಗೇ ಹೋಗೋಣ.

ಈಗ ಹೊಸ ಗೋದಾಮು ಕಟ್ಟುವ ಮಾತು ನಡೆದದ. ಅದರ ನಕ್ಷೆ ಇನ್ನೂ ಕಾಗದದ ಮೇಲೇ ಇದೆ. ಕಾಗದದ ಮೇಲೆ ಇಳಿಜಾರು ಬರೆಯಲಿಕ್ಕೆ ಒಂದು ಪೆನ್ಸಿಲ್ ಸಾಕು. ಕಟ್ಟಿದ ಮೇಲೆ ಒಡೆದು ಮಾಡಬೇಕಾದರೆ ಎಷ್ಟು ಖರ್ಚು ಅನ್ನೋದು ಗೌಂಡಿಯವರನ್ನು ಕೇಳಿ.

ಬಂಧುಗಳೆ, 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಾಗ ಸಿದ್ದನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಆವಾಗ ಅವರು ಮಾಡಿದ್ದಾದರೂ ಏನು? ಒಬ್ಬ ರೈತ ಸಾವುಕಾರನ ಮೆಟ್ಟಿಲು ಹತ್ತಿ ಕೈ ಮುಗಿಯಬೇಕಾಗಿತ್ತು. ಹತ್ತು ಮಂದಿ ಕೂಡಿ ತಮ್ಮದೇ ಒಂದು ಬಾಗಿಲು ಮಾಡಿಕೊಂಡರು. ಸಹಕಾರ ಅಂದರೆ ಅದೇ, ಎಲ್ಲರೂ ಒಳಗೆ ಹೋಗುವ ಬಾಗಿಲು. 'ವಿನಾ ಸಹಕಾರ ನಹಿ ಉದ್ಧಾರ' ಅಂತ ನಮ್ಮ ಕಚೇರಿಯ ಗೋಡೆಯ ಮೇಲೆ ದೊಡ್ಡ ಅಕ್ಷರದಾಗ ಬರೆಸಿದ್ದೇವೆ. ಆ ಬರಹ ಒಳಗಿನ ಗೋಡೆಯ ಮೇಲಿದೆ. ನಾವು ಅದನ್ನು ಕಿಟಕಿಯೊಳಗಿಂದ ಓದುತ್ತೇವೆ. ಒಳಗೆ ಬಂದು ಓದುವ ಆಸೆ ಇದೆ.

ನಮಗೆ ಯಾರೂ ಕನಿಕರ ತೋರಿಸಬೇಡಿ. ಕನಿಕರ ಒಂದು ದಿನದ್ದು. ದಾರಿ ಮಾಡಿಕೊಡಿ, ಅದು ಮಕ್ಕಳು ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ. ಇವತ್ತು ನೆಟ್ಟಗೆ ನಡೆಯುವವರು ಎಲ್ಲರೂ ನಾಳೆ ಮುದುಕರಾಗುವವರೇ. ಆವಾಗ ಈ ಇಳಿಜಾರು ನಮಗಿಂತ ನಿಮಗೇ ಹೆಚ್ಚು ಬೇಕಾಗ್ತದೆ.

ಬರುವ ಎಳ್ಳ ಅಮಾಸಿಗೆ ನಮ್ಮ ಹೊಲಕ್ಕೆ ಎಲ್ಲರೂ ಬರಬೇಕು, ಇದು ನಮ್ಮ ಮೂವರ ಕರೆ. ಬನ್ನಿ ಗಿಡದ ತನಕ ಈಗ ಕುರ್ಚಿ ತಾನೇ ಹೋಗುವ ಹಾಗೆ ಗಟ್ಟಿ ದಾರಿ ಮಾಡಿಕೊಂಡಿದ್ದೇವೆ. ಆ ದಿನ ಊರಾಗ ಯಾರಾದರೂ ಹೊರಸಿನ ಮೇಲೆ ಉಳಿದಿದ್ದರೆ ಅವರನ್ನೂ ಬಂಡಿಯಾಗ ಹಾಕಿಕೊಂಡು ಬನ್ನಿ. ನಮ್ಮ ಕಾಕಾ ಮಾಡಿದ್ದೂ ಅಷ್ಟೇ.



ಜೈ ಸಹಕಾರ, ಜೈ ಕರ್ನಾಟಕ, ಜೈ ಹಿಂದ್.